ಹಳೆಯ ಕಾರುಗಳ ನವೀಕರಣ: ವರ್ಷಕ್ಕೆ ಎಷ್ಟು ಒಪ್ಪಿಕೊಳ್ಳಬೇಕು?

ಸರಸ್ವತಿಪುರಂನ ಗ್ಯಾರೇಜೊಂದು ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಮೂಲರೂಪಕ್ಕೆ ತರುತ್ತದೆಂದು ಭಾವಿಸೋಣ. ಶೆಡ್ಡಿನ ಜಾಗ ನೋಡಿ ಕಾರು ಒಪ್ಪಿಕೊಳ್ಳುವುದು ರೂಢಿ. ವಾಸ್ತವದಲ್ಲಿ ಮಿತಿಯಾಗುವುದು ಟಿಂಕರಿಂಗ್ ಕೆಲಸಗಾರನ ಸಮಯ. ತಿಂಗಳಿಗೆ 200ರಂತೆ ಆತನಿಗೆ ವರ್ಷಕ್ಕೆ 2,400 ಗಂಟೆ. ಕಾರೊಂದಕ್ಕೆ 400 ಗಂಟೆಯಾದರೆ ಆರು ಕಾರು. ಹತ್ತನ್ನು ಬಿಚ್ಚಿಟ್ಟರೆ ಆರೂ ಮುಗಿಯುವುದಿಲ್ಲ.

ಬಿಲ್ಲಿನಿಂದ ಬಿಡಿಭಾಗ, ಬಣ್ಣಗಳ ಖರ್ಚು ಕಳೆದು ಕಾರೊಂದಕ್ಕೆ 1,20,000 ರೂಪಾಯಿ ಉಳಿದರೆ, ಗಂಟೆಗೆ 300. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ ಅದರ ಯೆಜ್ಡಿಗಳಿಗೆ ಅಭಿಮಾನಿಗಳು ಇನ್ನೂ ಇದ್ದಾರೆ. ಯೆಜ್ಡಿಯೊಂದರ ಟಿಂಕರಿಂಗ್‌ಗೆ 40 ಗಂಟೆ ಹಿಡಿದು 24,000 ಉಳಿದರೆ, ಗಂಟೆಗೆ 600! ದೊಡ್ಡ ಬಿಲ್ಲಿನ ಮೋಹ ಇದನ್ನು ಮರೆಸುತ್ತದೆ. ಆದ್ದರಿಂದ ಹತ್ತು ಯೆಜ್ಡಿಗಳಿಗೆ ಮೊದಲು 400 ಗಂಟೆ ಮೀಸಲಿಡಬೇಕು. ಬಣ್ಣ ಕೆರೆದಾಗಲೇ ಕಾಣುವ ತುಕ್ಕಿಗಾಗಿ ಇನ್ನೊಂದು 400. ಉಳಿದ 1,600 ಗಂಟೆಗೆ ನಾಲ್ಕೇ ಕಾರು.

ಐದನೆಯ ಗ್ರಾಹಕ ಮುಂಗಡ ಹಿಡಿದು ನಿಂತಿರಬಹುದು. ಮುಂಗಡವು ಆದಾಯವಲ್ಲ, ಹೊಣೆ. ಸೇವೆಯ ಮುಂಗಡಕ್ಕೆ ಹಣ ಬಂದಾಗಲೇ ಜಿಎಸ್‌ಟಿಯೂ ಅನ್ವಯಿಸುತ್ತದೆ. ಅವರಿಗೆ ಮುಂದಿನ ವರ್ಷದ ಸರದಿಯನ್ನು ಲಿಖಿತವಾಗಿ ಕೊಟ್ಟು, ಹಣವನ್ನು ಕೆಲಸ ಆರಂಭವಾದಾಗ ಪಡೆಯುವುದು ಲೇಸು.