ಪಾತ್ರೆ ತೊಳೆಯುವ ಯಂತ್ರದ ಆರೈಕೆ

ಡಿಶ್‌ವಾಷರ್‌ನಿಂದ ಹೊರತೆಗೆದ ಪಾತ್ರೆಗಳ ಮೇಲೆ ಬಿಳಿಯ ಪೊರೆಯೋ ಜಿಡ್ಡಿನ ಲೇಪವೋ ಉಳಿದುದನ್ನು ಕಂಡೊಡನೆ ಯಂತ್ರವೇ ಕೆಟ್ಟಿತೆಂದು ನಿರ್ಣಯಿಸಿ ರಿಪೇರಿಯವರನ್ನು ಕರೆಯುವ ಮುನ್ನ, ಮನೆಯವರು ಸಾವಧಾನದಿಂದ ಕಾರಣವನ್ನು ಪರಿಶೀಲಿಸುವುದು ಶ್ರೇಯಸ್ಕರ. ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ತಳದಲ್ಲಿರುವ ಜಾಲರಿಯನ್ನು ಹೊರತೆಗೆದು ನೋಡಿರಿ. ಅನ್ನದ ಅಗುಳು, ಕರಿಬೇವು, ಒಗ್ಗರಣೆಯ ಸಾಸಿವೆಗಳು ಅಲ್ಲಿ ಸಂಚಯವಾಗಿ ನೀರಿನ ಸಂಚಾರಕ್ಕೆ ಪ್ರತಿಬಂಧಕವಾಗಿರುವುದೇ ಅನೇಕ ವೇಳೆ ದೋಷದ ಮೂಲ. ಆದುದರಿಂದ ಎಂಜಲನ್ನು ಬಳಿದು ತೆಗೆದ ಬಳಿಕವೇ ಪಾತ್ರೆಗಳನ್ನು ಜೋಡಿಸಿ, ಜಾಲರಿಯನ್ನು ವಾರಕ್ಕೊಮ್ಮೆ ಮೃದುವಾದ ಬ್ರಷ್ಷಿನಿಂದ ತೊಳೆದು, ನೀರು ಚಿಮ್ಮಿಸುವ ತೋಳುಗಳ ರಂಧ್ರಗಳನ್ನು ಹಲ್ಲುಕಡ್ಡಿಯಿಂದ ಶುಚಿಗೊಳಿಸಿರಿ.

ಕೊಳವೆಬಾವಿಯ ಗಡಸುನೀರನ್ನು ಉಪಯೋಗಿಸುವ ಮನೆಗಳಲ್ಲಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಂಶಗಳನ್ನು ಹಿಡಿದಿಡುವ ಯಂತ್ರದೊಳಗಿನ ರೆಸಿನ್ ತನ್ನ ಶಕ್ತಿಯನ್ನು ಮರಳಿ ಪಡೆಯುವುದು ಉಪ್ಪಿನಿಂದಲೇ ಆದಕಾರಣ, ಅದಕ್ಕೆಂದೇ ಮಾರುವ ಹರಳುಪ್ಪನ್ನು ಆಗಾಗ ತುಂಬುತ್ತಿರಬೇಕು. ಗಟ್ಟಿಯಾಗಿ ಕಟ್ಟಿಕೊಳ್ಳಬಲ್ಲ ಅಡುಗೆಯ ಪುಡಿಯುಪ್ಪನ್ನು ಹಾಕಲೇಕೂಡದು.

ನೀರು ಹೊರಹೋಗದೆ ನಿಂತರೆ, ಹಿಂಬದಿಯ ಕೊಳವೆ ಮಡಿಚಿಕೊಂಡಿದೆಯೇ ಎಂಬುದನ್ನು ನೋಡಿರಿ. ಬಾಗಿಲಂಚಿನಲ್ಲಿ ಸೋರಿದರೆ, ರಬ್ಬರು ಪಟ್ಟಿಯನ್ನು ಒರೆಸಿ, ಸೀಳಿದೆಯೇ ಎಂದು ಪರೀಕ್ಷಿಸಿರಿ. ಆದರೆ ನೀರು ಬಿಸಿಯಾಗದಿದ್ದಲ್ಲಿ ಅಥವಾ ಮುಟ್ಟಿದಾಗ ವಿದ್ಯುತ್ತಿನ ಸ್ಪರ್ಶವಾದಲ್ಲಿ, ಒಳಭಾಗಗಳಿಗೆ ಕೈಹಾಕದೆ ತಜ್ಞರನ್ನೇ ಕರೆಸಿರಿ. ದುರಸ್ತಿಯ ವೆಚ್ಚಕ್ಕಿಂತ ನಿತ್ಯದ ಆರೈಕೆಯ ಶ್ರಮವೇ ಸುಲಭವೆಂಬುದನ್ನು ದಯವಿಟ್ಟು ಮರೆಯದಿರಿ.