ಮಧುನಾಶಿನಿ: ಎಲೆಯ ಗುಣ ಮತ್ತು ಅದರ ಮಿತಿ

ಮಧುನಾಶಿನಿಯ ಒಂದೆರಡು ಎಲೆಗಳನ್ನು ಚೆನ್ನಾಗಿ ಅಗಿದು ಉಗುಳಿ, ಬಳಿಕ ಒಂದು ಚಿಟಿಕೆ ಸಕ್ಕರೆಯನ್ನು ನಾಲಿಗೆಯ ಮೇಲಿಟ್ಟುಕೊಂಡರೆ ಮರಳನ್ನು ಇಟ್ಟುಕೊಂಡಂತೆ ಭಾಸವಾಗುತ್ತದೆ. ಉಪ್ಪಿನ ರುಚಿ ಹಾಗೆಯೇ ಇರುತ್ತದೆ, ಹುಳಿಯೂ ಇರುತ್ತದೆ; ಸಿಹಿಯೊಂದು ಮಾತ್ರ ಮಾಯವಾಗುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರುಚಿ ತಾನಾಗಿಯೇ ಮರಳುತ್ತದೆ. ಈ ಬಳ್ಳಿಗೆ ಹೆಸರು ತಂದುಕೊಟ್ಟಿರುವುದು ಈ ಗುಣವೇ. ಸಕ್ಕರೆಯ ಸವಿಯನ್ನು ಅಳಿಸುವ ಎಲೆ ಸಕ್ಕರೆ ಕಾಯಿಲೆಯನ್ನೂ ಅಳಿಸುತ್ತದೆ ಎಂಬ ನಂಬಿಕೆಗೂ ಇದೇ ಮೂಲ. ಇವೆರಡೂ ಬೇರೆ ಬೇರೆ ಸಂಗತಿಗಳೆಂಬುದನ್ನು ಬೆಳೆಯುವವರೂ ಬಳಸುವವರೂ ತಿಳಿದಿರುವುದು ಅಗತ್ಯ.

ಸಸ್ಯದ ಪರಿಚಯ

ಮಧುನಾಶಿನಿಯ ಸಸ್ಯಶಾಸ್ತ್ರೀಯ ಹೆಸರು ಜಿಮ್ನೇಮಾ ಸಿಲ್ವೆಸ್ಟ್ರೆ. ಸಣ್ಣಗೆರಸೆ ಹಂಬು ಎಂಬುದು ಇದರ ಇನ್ನೊಂದು ಕನ್ನಡ ಹೆಸರು. ಹಿಂದಿಯಲ್ಲಿ ಗುಡಮಾರ್, ತಮಿಳಿನಲ್ಲಿ ಸಿರುಕುರಿಂಜಾನ್ ಎನ್ನುತ್ತಾರೆ. ಹಿಂದೆ ಇದನ್ನು ಎಕ್ಕದ ಕುಟುಂಬಕ್ಕೆ ಸೇರಿಸಿದ್ದರು. ಈಗ ಆ ಇಡೀ ಗುಂಪನ್ನು ಕಣಗಿಲೆಯ ಕುಟುಂಬದೊಳಗೆ ಸೇರಿಸಲಾಗಿದೆ. ಪಶ್ಚಿಮ ಘಟ್ಟದ ಅಂಚಿನಲ್ಲಿಯೂ ಒಳನಾಡಿನ ಎಲೆ ಉದುರುವ ಕಾಡುಗಳಲ್ಲಿಯೂ ಪೊದೆ ಮತ್ತು ಮರಗಳನ್ನು ಸುತ್ತಿಕೊಂಡು ಬೆಳೆಯುತ್ತದೆ.

ಇದು ಬಹುವಾರ್ಷಿಕ ಬಳ್ಳಿ. ಎಳೆಯ ಕುಡಿಗಳು ನವಿರಾದ ರೋಮಗಳಿಂದ ಕೂಡಿರುತ್ತವೆ. ಬಲಿತ ಕಾಂಡ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಎಲೆಗಳು ಪ್ರತಿ ಗೆಣ್ಣಿನಲ್ಲಿಯೂ ಎದುರುಬದುರಾಗಿ ಎರಡೆರಡು ಇರುತ್ತವೆ. ಎಲೆಯ ಉದ್ದ ಸುಮಾರು 3ರಿಂದ 6 ಸೆಂ. ಮೀ., ಆಕಾರ ಮೊಟ್ಟೆಯಂತೆ. ಎಲೆಯ ಕಂಕುಳಲ್ಲಿ ಹಳದಿ ಬಣ್ಣದ ಪುಟ್ಟ ಹೂಗಳು ಕೊಡೆಯಂತಹ ಗೊಂಚಲಾಗಿ ಬಿಡುತ್ತವೆ. ಕಾಯಿ ಸುಮಾರು 7 ಸೆಂ. ಮೀ. ಉದ್ದವಿದ್ದು ತುದಿ ಚೂಪಾಗಿರುತ್ತದೆ. ಟಗರಿನ ಕೊಂಬನ್ನು ನೆನಪಿಗೆ ತರುವುದರಿಂದ ಆಯುರ್ವೇದದಲ್ಲಿ ಇದಕ್ಕೆ ಮೇಷಶೃಂಗಿ ಎಂಬ ಹೆಸರು ಬಂದಿದೆ. ಆದರೆ ಕೆಲವೆಡೆ ಅದೇ ಹೆಸರಿನಿಂದ ಬೇರೊಂದು ಮರವನ್ನೂ ಕರೆಯುವುದುಂಟು. ಹೆಸರನ್ನಷ್ಟೇ ನಂಬಿ ಕೊಳ್ಳುವುದು ಸರಿಯಲ್ಲ. ಕಾಯಿ ಒಡೆದಾಗ ಎಕ್ಕದ ಬೀಜದಂತೆಯೇ ರೇಷ್ಮೆ ಕೂದಲಿನ ಜುಟ್ಟುಳ್ಳ ಬೀಜಗಳು ಗಾಳಿಯಲ್ಲಿ ಹಾರುತ್ತವೆ.

ಎಲೆ ಅಗಿದು ಸಕ್ಕರೆ ತಿನ್ನುವುದು ಒಳ್ಳೆಯ ಪರೀಕ್ಷೆಯೇ ಹೌದು. ಆದರೆ ಅದು ಕೊನೆಯ ಪರೀಕ್ಷೆಯಾಗಿರಬೇಕು. ಎಕ್ಕ, ಕಣಗಿಲೆಗಳ ಬಳಗದಲ್ಲಿ ವಿಷದ ಗಿಡಗಳು ಅನೇಕ. ಮೇಲೆ ಹೇಳಿದ ಎಲೆ, ಹೂ, ಕಾಯಿಗಳ ಲಕ್ಷಣಗಳು ಹೊಂದಿಕೆಯಾದ ಮೇಲಷ್ಟೇ ಎಲೆಯನ್ನು ಬಾಯಿಗೆ ಹಾಕಬೇಕು. ಗುರುತು ಸಿಗದ ಬಳ್ಳಿಯನ್ನು ಅಗಿದು ನೋಡುವುದು ಸರ್ವಥಾ ಕೂಡದು.

ಸಿಹಿ ಮಾಯವಾಗುವುದೇಕೆ?

ಈ ಗುಣವನ್ನು 1847ರಲ್ಲಿಯೇ ಎಜ್‌ವರ್ತ್ ಎಂಬ ಆಂಗ್ಲ ಅಧಿಕಾರಿ ವರದಿ ಮಾಡಿದ್ದನು. 1887ರಲ್ಲಿ ಉದಕಮಂಡಲದಲ್ಲಿದ್ದ ಡೇವಿಡ್ ಹೂಪರ್ ಎಂಬ ರಸಾಯನಶಾಸ್ತ್ರಜ್ಞನು ಎಲೆಗಳಿಂದ ಒಂದು ಆಮ್ಲವನ್ನು ಬೇರ್ಪಡಿಸಿ ಅದಕ್ಕೆ ಜಿಮ್ನೇಮಿಕ್ ಆಮ್ಲವೆಂದು ಹೆಸರಿಟ್ಟನು. ಅದು ಒಂದೇ ವಸ್ತುವಲ್ಲ, ಸೀಗೆ, ಅಂಟುವಾಳಗಳಲ್ಲಿ ನೊರೆ ಬರಿಸುವ ಸ್ಯಾಪೋನಿನ್ ವರ್ಗದ ಹಲವು ವಸ್ತುಗಳ ಗುಂಪು ಎಂದು ಆಮೇಲೆ ತಿಳಿದುಬಂದಿತು.

ನಾಲಿಗೆಯ ರುಚಿಮೊಗ್ಗುಗಳಲ್ಲಿ ಸಿಹಿಯನ್ನು ಗುರುತಿಸುವ ಒಂದು ಪ್ರೋಟೀನು ಉಂಟು. ಜಿಮ್ನೇಮಿಕ್ ಆಮ್ಲ ಅದಕ್ಕೆ ಅಂಟಿಕೊಂಡು ಅದರ ಕೆಲಸವನ್ನು ತಡೆಯುತ್ತದೆ. ಸಕ್ಕರೆಯೇ ಅಲ್ಲದ ಸ್ಯಾಕರಿನ್ ಕೂಡ ಆಗ ಸಪ್ಪೆಯಾಗುವುದು ಇದಕ್ಕೆ ಸಾಕ್ಷಿ. ವಿಚಿತ್ರವೆಂದರೆ ಇಲಿಯ ನಾಲಿಗೆಯ ಮೇಲೆ ಈ ಆಮ್ಲ ಏನೂ ಪರಿಣಾಮ ಬೀರದು. ಇಲಿಯನ್ನು ಮೋಸಗೊಳಿಸಲು ಇದೇ ಎಲೆಯಲ್ಲಿ ಗುರ್ಮಾರಿನ್ ಎಂಬ ಬೇರೆಯೇ ಪ್ರೋಟೀನು ಇದೆ. ಅಂದರೆ ಎಲೆಯು ಸಕ್ಕರೆಯನ್ನು ನಾಶ ಮಾಡುವುದಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ಎದುರಿನ ಗುಡ್ಡ ಕರಗುವುದಿಲ್ಲವಷ್ಟೆ. ಸಪ್ಪೆಯೆನಿಸಿದ ಸಕ್ಕರೆ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ.

ಮಧುಮೇಹದಲ್ಲಿ ಉಪಯೋಗ

ಹಾಗೆಂದು ಮಧುಮೇಹದಲ್ಲಿ ಇದು ನಿರುಪಯೋಗಿ ಎಂದಲ್ಲ. ಕರುಳಿನಲ್ಲಿ ಗ್ಲೂಕೋಸು ಹೀರಲ್ಪಡುವುದನ್ನು ಎಲೆಯ ಸಾರ ನಿಧಾನಗೊಳಿಸುತ್ತದೆಂದೂ, ಇನ್ಸುಲಿನ್ ಸ್ರವಿಸಲು ಪ್ರಚೋದಿಸುತ್ತದೆಂದೂ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಮದರಾಸಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾತ್ರೆ ಸೇವಿಸುತ್ತಿದ್ದ 22 ಮಧುಮೇಹಿಗಳಿಗೆ ದಿನಕ್ಕೆ 400 ಮಿ. ಗ್ರಾಂ ಎಲೆಯ ಸಾರವನ್ನು 18ರಿಂದ 20 ತಿಂಗಳು ಕೊಡಲಾಯಿತು. ಐವರು ಮಾತ್ರೆಗಳನ್ನು ಬಿಡುವುದು ಸಾಧ್ಯವಾಯಿತು. ಇದು ಉತ್ತೇಜನಕಾರಿಯಾದ ಫಲಿತಾಂಶ. ಆದರೆ ಕ್ಷೇತ್ರ ಪ್ರಯೋಗದ ತಾಕುಗಳನ್ನು ಚೀಟಿ ಎತ್ತಿ ಹಂಚುವಂತೆ ಇಲ್ಲಿ ರೋಗಿಗಳನ್ನು ಹಂಚಿರಲಿಲ್ಲ, ಸಂಖ್ಯೆಯೂ ಸಣ್ಣದು. ಮೇಲಾಗಿ ಉಳಿದ 17 ಮಂದಿ ಮಾತ್ರೆಯನ್ನು ಬಿಡಲಾಗಲಿಲ್ಲ ಎಂಬುದನ್ನೂ ಓದಬೇಕು. ಅಲ್ಲಿ ಕೊಟ್ಟದ್ದು ತಯಾರಿಸಿದ ಸಾರವೇ ಹೊರತು ಮನೆಯಲ್ಲಿ ಕುಟ್ಟಿದ ಎಲೆಪುಡಿಯಲ್ಲ.

ಅಪಾಯವಿರುವುದು ಎರಡು ಕಡೆ. ಎಲೆಯನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಿದರೆ ರಕ್ತದ ಸಕ್ಕರೆ ಏರುತ್ತದೆ. ಇನ್ಸುಲಿನ್ನನ್ನೇ ಅವಲಂಬಿಸಿರುವವರಿಗೆ ಇದು ಪ್ರಾಣಕ್ಕೇ ಎರವಾಗಬಹುದು. ಇನ್ನೊಂದೆಡೆ, ಔಷಧದ ಜೊತೆಗೆ ಎಲೆಯನ್ನೂ ಸೇವಿಸಿದರೆ ಸಕ್ಕರೆ ಮಿತಿಮೀರಿ ಇಳಿಯುವ ಸಂಭವವುಂಟು. ಬೆವರು, ಕೈಕಾಲು ನಡುಕ, ವಿಪರೀತ ಹಸಿವು, ತಲೆ ಮಂಕಾಗುವುದು ಇದರ ಲಕ್ಷಣಗಳು. ಹೊಲದಲ್ಲಿ ಬಿಸಿಲಿನಲ್ಲಿ ದುಡಿಯುವವರು ಇದನ್ನು ಬರಿಯ ಆಯಾಸವೆಂದು ತಿಳಿಯಬಾರದು. ರೋಗಿಗೆ ಎಚ್ಚರವಿದ್ದರೆ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರನ್ನು ಕುಡಿಸಬೇಕು. ಎಲೆ ಅಗಿದಿದ್ದರೆ ಅದು ಸಪ್ಪೆಯೆನಿಸೀತು. ಆದರೂ ಕೆಲಸ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಇದನ್ನು ಸೇವಿಸಿದ ಮಧುಮೇಹಿಯೊಬ್ಬರಲ್ಲಿ ಯಕೃತ್ತಿನ ಉರಿಯೂತ ಕಾಣಿಸಿದ್ದು 2010ರಲ್ಲಿ ವರದಿಯಾಗಿದೆ. ಗರ್ಭಿಣಿಯರು ಬಳಸದಿರುವುದೇ ಲೇಸು. ಉಳಿದವರೂ ಬಳಸುವುದಾದರೆ ವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸುತ್ತಾ ಬಳಸತಕ್ಕದ್ದು.

ಬೇಸಾಯ ಮತ್ತು ಕೊಯ್ಲು

ಬೀಜದ ಮೊಳೆಯುವ ಶಕ್ತಿ ಬಹಳ ಕಾಲ ಉಳಿಯದು. ಬೀಜದಿಂದ ಬಂದ ಗಿಡಗಳು ಒಂದೇ ತೆರನಾಗಿಯೂ ಇರವು. ಆದುದರಿಂದ ಉತ್ತಮ ತಾಯಿಬಳ್ಳಿಯಿಂದ 3-4 ಗೆಣ್ಣುಗಳಿರುವ ಕಾಂಡದ ತುಂಡುಗಳನ್ನು ತೆಗೆದು, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಪಾಲಿಥೀನ್ ಚೀಲಗಳಲ್ಲಿ ನೆರಳಿನಲ್ಲಿ ಬೇರು ಬರಿಸುವುದು ಸೂಕ್ತ. ಮಳೆಗಾಲದ ಆರಂಭದಲ್ಲಿ ನೀರು ನಿಲ್ಲದ ಭೂಮಿಗೆ ನಾಟಿ ಮಾಡಬಹುದು. ಬಳ್ಳಿಗೆ ಆಸರೆ ಬೇಕೇ ಬೇಕು. ತಂತಿ ಬೇಲಿ ಅಥವಾ ಗ್ಲಿರಿಸಿಡಿಯಾ ಸಾಲು ಸಾಕಾಗುತ್ತದೆ. ಮೊದಲ ವರ್ಷ ಬಳ್ಳಿ ಹಬ್ಬಲು ಬಿಟ್ಟು, ಅನಂತರ ಕುಡಿಗಳನ್ನು ಕತ್ತರಿಯಿಂದ ಕತ್ತರಿಸಿ ಎಲೆ ಬಿಡಿಸಬೇಕು. ಕಾಡಿನಲ್ಲಿ ಮಾಡುವಂತೆ ಬಳ್ಳಿಯನ್ನೇ ಎಳೆದು ಕೆಡವಿದರೆ ಮರುವರ್ಷ ಅಲ್ಲಿ ಕೊಯ್ಯಲು ಏನೂ ಉಳಿಯದು.

ಎಲೆಗಳನ್ನು ನೆರಳಿನಲ್ಲಿ ತೆಳ್ಳಗೆ ಹರಡಿ, ಹಿಡಿದರೆ ಗರಿಗರಿಯಾಗಿ ಮುರಿಯುವವರೆಗೆ ಒಣಗಿಸಬೇಕು. ಕಡುಬಿಸಿಲಿಗೆ ಹಾಕಿದರೆ ಹಸಿರು ಬಣ್ಣ ಕೆಡುತ್ತದೆ. ಅರೆಬರೆ ಒಣಗಿಸಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಸಾರ ತಯಾರಿಸುವವರು ಬೆಲೆ ಕಟ್ಟುವುದು ಜಿಮ್ನೇಮಿಕ್ ಆಮ್ಲದ ಪ್ರಮಾಣವನ್ನು ನೋಡಿ. ಅದು ಬಳ್ಳಿಯಿಂದ ಬಳ್ಳಿಗೆ, ಸ್ಥಳದಿಂದ ಸ್ಥಳಕ್ಕೆ ವ್ಯತ್ಯಾಸವಾಗುತ್ತದೆ. ನಾಲಿಗೆಯ ಪರೀಕ್ಷೆ ಆಮ್ಲ ಇದೆ ಎಂದು ಹೇಳೀತು, ಎಷ್ಟಿದೆ ಎಂದು ಹೇಳಲಾರದು. ಆದ್ದರಿಂದ ಹೆಚ್ಚು ಪ್ರದೇಶದಲ್ಲಿ ನಾಟಿ ಮಾಡುವ ಮೊದಲು ತಾಯಿಬಳ್ಳಿಯ ಎಲೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಕೊಳ್ಳುವವರೊಡನೆ ಬರಹದಲ್ಲಿ ಒಪ್ಪಂದ ಮಾಡಿಕೊಂಡಿರುವುದು ಒಳ್ಳೆಯದು.