ಪಕ್ಕದ ಮನೆಯವನು ನೆಮ್ಮದಿ ಕೊಡದಿದ್ದಾಗ (ರೋಮಾಪುರದವರಿಗೆ 12:18)

ರೋಮಾಪುರದವರಿಗೆ ಬರೆದ ಪತ್ರಿಕೆ 12ನೇ ಅಧ್ಯಾಯ ತೆಗೆದು ಇಟ್ಟುಕೊಳ್ಳಿ.

ನಮ್ಮ ಸಭೆಯಲ್ಲಿ ಸುಮಾರು ಜನ ಸ್ಲಂ ಬೋರ್ಡ್ ಕ್ವಾಟರ್ಸ್‌ನಲ್ಲಿ ಬಾಡಿಗೆಗೆ ಇದ್ದೀರಿ. ಒಂದೇ ಗೋಡೆ, ಒಂದೇ ಮೆಟ್ಟಿಲು, ಒಂದೇ ನಲ್ಲಿ. ಅಂಥ ಕಡೆ ಪಕ್ಕದ ಮನೆಯವನು ದಿನಾ ಕುಡಿದು ಬಂದು ನಿಮ್ಮ ಬಾಗಿಲು ಒದ್ದರೆ, ಮಧ್ಯರಾತ್ರಿ ಸೌಂಡ್ ಬಾಕ್ಸ್ ಹಾಕಿದರೆ, ಮೆಟ್ಟಿಲ ಮೇಲೆ ಕಸ ಸುರಿದರೆ ಏನು ಮಾಡಬೇಕು? ಒಬ್ಬ ಸಹೋದರಿ ಕೇಳಿದರು, "ಪಾಸ್ಟರ್, ಪೊಲೀಸ್‌ಗೆ ಹೇಳಿದ್ರೆ ನನಗೆ ವಿಶ್ವಾಸ ಇಲ್ಲ ಅಂತ ಆಗುತ್ತಾ?" ಆ ಪ್ರಶ್ನೆಗೇ ಈ ಸಂದೇಶ.

18ನೇ ವಚನ ನೋಡಿ. ಎಲ್ಲರ ಜೊತೆ ಸಮಾಧಾನವಾಗಿರಿ ಅಂತ ಪೌಲನು ಬರೀ ಹೇಳಿ ಬಿಡಲಿಲ್ಲ. ಆಗುವ ಹಾಗಿದ್ದರೆ, ನಿಮ್ಮ ಕಡೆಯಿಂದ ಎಷ್ಟು ಆಗುತ್ತೋ ಅಷ್ಟು ಅನ್ನುವ ಅರ್ಥದಲ್ಲಿ ಎರಡು ಮಾತು ಸೇರಿಸಿದ್ದಾನೆ. ಅವನ ಕಡೆಯದು ನಿಮ್ಮ ತಲೆ ಮೇಲೆ ಇಲ್ಲ.

ನಮ್ಮ ಕಡೆಯದು ಮೊದಲು. ಜ್ಞಾನೋಕ್ತಿಗಳು 27:14 ಓದಿ. ಬೆಳಗಾಗುವ ಮುಂಚೆಯೇ ನೆರೆಯವನನ್ನು ದೊಡ್ಡ ಧ್ವನಿಯಲ್ಲಿ ಹರಸಿದರೆ ಅದು ಅವನಿಗೆ ಶಾಪದ ಹಾಗೆ! ಇದು ನಮ್ಮಂಥವರಿಗೇ ಬರೆದ ಮಾತು ಅನ್ನಿಸುತ್ತೆ. ಇಡೀ ರಾತ್ರಿ ಪ್ರಾರ್ಥನೆ ಇಟ್ಟಾಗ ಗೋಡೆಯಾಚೆ ಮಗು ಮಲಗಿರುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅನ್ನುವ 2000ದ ಶಬ್ದಮಾಲಿನ್ಯ ನಿಯಮ ಅವನ ಸೌಂಡ್ ಬಾಕ್ಸ್‌ಗೂ ಹೌದು, ನಮ್ಮ ಮೈಕಿಗೂ ಹೌದು.

ಇನ್ನು ಮಾತಾಡುವುದು. 1 ಸಮುವೇಲ 25ರಲ್ಲಿ ಅಬೀಗೈಲಳು ಮನೆಗೆ ಬಂದಾಗ ನಾಬಾಲನು ಕುಡಿದು ಮತ್ತನಾಗಿದ್ದ. ಬೆಳಗಾಗುವ ತನಕ ಆಕೆ ಏನೂ ಹೇಳಲಿಲ್ಲ. ಎಂಥ ಬುದ್ಧಿವಂತೆ ನೋಡಿ! ಕುಡಿದವನ ಬಾಗಿಲು ರಾತ್ರಿ ತಟ್ಟಬೇಡಿ. ಬೆಳಿಗ್ಗೆ ಅಮಲು ಇಳಿದ ಮೇಲೆ, ಜಗಳ ನೋಡುವ ಜನ ಸೇರದ ಹೊತ್ತಿನಲ್ಲಿ, "ಅಣ್ಣಾ, ಮಗೂಗೆ ಪರೀಕ್ಷೆ ಇದೆ" ಅಂತ ಹೇಳಿ. ಹೆದರಿಕೆ ಇದ್ದರೆ ಒಂಟಿಯಾಗಿ ಹೋಗಬೇಡಿ.

ಅದಕ್ಕೂ ಬಗ್ಗದೆ ಬೆದರಿಸಿದರೆ, ಕೈ ಎತ್ತಿದರೆ? 12:19ರಲ್ಲಿ ಪೌಲನು ನೀವೇ ಸೇಡು ತೀರಿಸಬೇಡಿ, ದೇವರಿಗೆ ಬಿಡಿ ಅನ್ನುತ್ತಾನೆ. ನಾವು ಅಲ್ಲೇ ಪುಸ್ತಕ ಮುಚ್ಚುತ್ತೇವೆ. ಆದರೆ ಪೌಲನು ಬರೆದಾಗ ಅಧ್ಯಾಯಗಳು ಇರಲಿಲ್ಲ. ಹಾಗೇ ಮುಂದೆ ಓದಿ, 13:4ಕ್ಕೆ ಬನ್ನಿ: ಕೆಟ್ಟದ್ದು ಮಾಡುವವನಿಗೆ ದಂಡನೆ ಕೊಡುವ ಅಧಿಕಾರಿ ದೇವರ ಸೇವಕನು. ಗ್ರೀಕ್ ಭಾಷೆಯಲ್ಲಿ ಅಲ್ಲಿ ಎಕ್‌ದಿಕೇಸಿಸ್, ಇಲ್ಲಿ ಎಕ್‌ದಿಕೋಸ್. ಎರಡೂ ಒಂದೇ ಬೇರಿನ ಪದ. ದೇವರಿಗೆ ಬಿಡುವ ಒಂದು ದಾರಿ ಠಾಣೆಯ ಬಾಗಿಲಲ್ಲಿ ಹಾದು ಹೋಗುತ್ತದೆ. ಪೌಲನನ್ನು ಕೊಲ್ಲಲು 40ಕ್ಕಿಂತ ಹೆಚ್ಚು ಜನ ಒಳಸಂಚು ಮಾಡಿದಾಗ ಅವನು ತನ್ನ ಅಕ್ಕತಂಗಿಯ ಮಗನನ್ನು ಸಹಸ್ರಾಧಿಪತಿಯ ಹತ್ತಿರ ಕಳಿಸಿದ (ಅಪೊಸ್ತಲರ ಕೃತ್ಯಗಳು 23). 470 ಸೈನಿಕರ ಕಾವಲು ಸಿಕ್ಕಿತು. ಪೌಲನಿಗೆ ವಿಶ್ವಾಸ ಕಮ್ಮಿ ಇತ್ತಾ?

ಆ ಸಹೋದರಿಯ ನಿಜವಾದ ಭಯ ಬೇರೆ. ಮನೆ ಇನ್ನೊಬ್ಬರ ಹೆಸರಲ್ಲಿ ಮಂಜೂರಾಗಿದೆ; ದೂರು ಕೊಟ್ಟರೆ ನಮ್ಮನ್ನೇ ಖಾಲಿ ಮಾಡಿಸಿದರೆ? ಈ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಕಸ, ಶಬ್ದದ ವಿಷಯಕ್ಕೆ ಮೊದಲು ಮನೆ ಮಾಲೀಕರಿಗೆ ಹೇಳಿ. ಯಾವ ದಿನ, ಎಷ್ಟು ಗಂಟೆಗೆ, ಏನಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆದರೆ ಹೊಡೆಯಲು ಬಂದರೆ ಯಾವ ಲೆಕ್ಕಾಚಾರವೂ ಬೇಡ, 112ಕ್ಕೆ ಫೋನ್ ಮಾಡಿ. ಲಿಖಿತ ದೂರು ಕೊಟ್ಟರೆ ಸ್ವೀಕೃತಿ ಕೇಳಿ ಪಡೆಯಿರಿ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರ ಸಹಾಯ ಉಚಿತ, ಆದಾಯ ಎಷ್ಟೇ ಇರಲಿ.

ಮನೆ ಬದಲಾಯಿಸುವುದು ಸೋಲು ಅಲ್ಲ. ಇಸಾಕನು ಜಗಳದ ಎರಡು ಬಾವಿ ಬಿಟ್ಟು ಮೂರನೆಯದನ್ನು ತೋಡಿದ, ಅದೇ ರೆಹೋಬೋತ್ (ಆದಿಕಾಂಡ 26). ಇಸಾಕನಿಗೆ ಅಡ್ವಾನ್ಸ್ ಸಿಕ್ಕಿಹಾಕಿಕೊಂಡಿರಲಿಲ್ಲ ಅನ್ನುತ್ತೀರಿ, ನಿಜ. ಆಗದವರು ಇರುವಲ್ಲೇ ಇದ್ದು ಎಚ್ಚರವಾಗಿರಿ.

ಕ್ಷಮಿಸಬೇಕು, ಹೌದು. ದಾವೀದನು ಸೌಲನ ಈಟಿಯನ್ನು ತಿರುಗಿ ಕೊಟ್ಟ. ಸೌಲನು "ಬಾ ಮಗನೇ" ಅಂದರೂ ಅವನ ಹಿಂದೆ ಮನೆಗೆ ಹೋಗಲಿಲ್ಲ, ತನ್ನ ದಾರಿ ಹಿಡಿದ (1 ಸಮುವೇಲ 26).

ಈಗ ಕಣ್ಣು ಮುಚ್ಚಿ, ಆ ಮನೆಯವರ ಹೆಸರು ಹೇಳಿ ಪ್ರಾರ್ಥಿಸೋಣ. ಅವನ ಹೆಂಡತಿ ಮಕ್ಕಳ ಹೆಸರೂ ಹೇಳಿ, ಆ ಕುಡಿತದಲ್ಲಿ ನಮಗಿಂತ ಜಾಸ್ತಿ ನೋಯುತ್ತಿರುವವರು ಅವರು. ದೂರು ಬರೆಯಲು ಸಹಾಯ ಬೇಕಾದವರು ಆರಾಧನೆ ಮುಗಿದ ಮೇಲೆ ಇಲ್ಲೇ ಕೂತಿರಿ. ಪೆನ್ನು, ಪೇಪರ್ ತಂದಿದ್ದೇನೆ.